ಪ್ರೊಸೆಸರಿಗೆ ಗ್ರೀಸು ಹಚ್ಚಿದ ಬೇಸಿಗೆ

ಆಗ ತುಮಕೂರು ರಸ್ತೆಯ ಫ್ಲೈಓವರ್ ಇನ್ನೂ ಕಂಬದ ಮೇಲೆ ಕಂಬವಾಗಿ ಏಳುತ್ತಿತ್ತು. ಮೆಟ್ರೋ ಪೇಪರಿನಲ್ಲಿ ಮಾತ್ರ ಓಡುತ್ತಿತ್ತು. ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಬಿಟ್ಟರೆ ಹತ್ತು ಗಂಟೆಯೊಳಗೆ ರಂಗೋಲಿಯ ಮೇಲೆ ಸಿಮೆಂಟಿನ ಧೂಳು ಕೂತಿರುತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಇದ್ದವರ ಮಕ್ಕಳು ಬೀದಿಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ನಡೆಯುತ್ತಿದ್ದ ಕಾಲ ಅದು. ನಾನೂ ನಡೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ನಿಮ್ಮಲ್ಲೂ ಕೆಲವರು ನಡೆದಿರುತ್ತೀರಿ.

ನಮ್ಮ ಕಂಪ್ಯೂಟರ್ ನಡುಮನೆಯ ಮೂಲೆಯಲ್ಲಿತ್ತು. ಅದರ ಮೇಜನ್ನು ಅಪ್ಪ, ಕಾರ್ಖಾನೆಗೆ ಮಿಷನ್ ಬಂದಿದ್ದ ಪೆಟ್ಟಿಗೆಯ ಮರದಿಂದ ಮಾಡಿದ್ದರು. ಮೇಜಿನ ಅಡಿಯಲ್ಲಿ ಬಗ್ಗಿ ನೋಡಿದರೆ ‘ಈ ಕಡೆ ಮೇಲೆ’ ಎಂಬ ಬಾಣದ ಗುರುತು ಕೆಳಮುಖವಾಗಿ ಕಾಣಿಸುತ್ತಿತ್ತು. ಹಳೇ ಕಿಟಕಿ ಪರದೆಯಿಂದ ಅಮ್ಮ ಹೊಲಿದ ಹೂವಿನ ಗೌನು ಮಾನಿಟರಿಗೆ. ಸಿಪಿಯು ಡಬ್ಬದ ಹಣೆಯ ಮೇಲೆ ಹಿಂದಿನ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ. ಒರೆಸಿದ ಮರುದಿನವೇ ಕೆಟ್ಟರೆ ಪಾಪ ಯಾರ ತಲೆಗೆ?

ಅಪ್ಪ ಪೀಣ್ಯದ ಆಚೆ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದರು. ಆನೆ ಗಾತ್ರದ ಗ್ರೈಂಡಿಂಗ್ ಮಿಷನ್ನುಗಳು ಮುನಿಸಿಕೊಂಡು ನಿಂತಾಗ ‘ರಂಗಸ್ವಾಮೀನ ಕರೀರಿ’ ಅನ್ನುತ್ತಿದ್ದರಂತೆ. ಇವರು ಹೋಗಿ, ಸ್ಪಾನರಿನ ಒಂದು ತುದಿಯನ್ನು ಮಿಷನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರು ಎದೆಬಡಿತ ಕೇಳುವ ಹಾಗೆ ಕೇಳಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದರಂತೆ. ನಾನು ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಆ ಕಾರ್ಖಾನೆ ತನ್ನ ಅರ್ಧ ಜನಕ್ಕೆ ಹಾರ ಹಾಕಿ ಕಳಿಸಿತು. ವಿಆರ್‌ಎಸ್ ಎಂಬ ಸ್ವಯಂನಿವೃತ್ತಿಯ ಮೂರಕ್ಷರ ನಮ್ಮ ಬೀದಿಯ ಪ್ರತಿ ಎರಡನೇ ಮನೆಗೂ ಬಂತು. ಅಪ್ಪ ಸಂಜೆ ಐದಕ್ಕೆ ಕೊರಳಲ್ಲಿ ಗಂಧದ ಹಾರ, ಕೈಯಲ್ಲಿ ತಮ್ಮ ಹಸಿರು ಟೂಲ್‌ಬಾಕ್ಸ್ ಹಿಡಿದು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಶೇವ್ ಮಾಡಿಕೊಂಡು, ತಿಂಡಿ ತಿಂದು, ಹೋಗಲು ಎಲ್ಲೂ ಇಲ್ಲವೆಂದು ನೆನಪಾಗಿ ಬಾಗಿಲ ಬಳಿ ಸುಮ್ಮನೆ ನಿಂತರು. ಅದನ್ನು ನೋಡಿ ನನಗೆ ಅಳು ಬಂದಿತ್ತು.

ಆಮೇಲೆ ಶುರುವಾಯಿತು ನೋಡಿ. ಬಾಗಿಲಿನ ತಿರುಗಣಿಗಳಿಗೆಲ್ಲ ಎಣ್ಣೆ ಬಿತ್ತು. ಹೊಲಿಗೆ ಮಿಷನ್ ಬಿಚ್ಚಿ ಜೋಡಿಸಿದ್ದಾಯಿತು. ಮಿಕ್ಸಿ, ಸೀಲಿಂಗ್ ಫ್ಯಾನು, ತಮ್ಮ ಗಿರೀಶನ ಸೈಕಲ್ಲು, ಪಕ್ಕದ ಮನೆಯವರ ಗೇಟು. ಹದಿನೈದು ದಿನದಲ್ಲಿ ಮನೆಯಲ್ಲಿ ಕಿರುಗುಟ್ಟುವ ವಸ್ತು ಒಂದೂ ಉಳಿಯಲಿಲ್ಲ.

“ಇನ್ನು ನಾನೊಬ್ಳು ಉಳ್ಕೊಂಡಿದೀನಿ. ನಂಗೂ ಎರಡು ಹನಿ ಎಣ್ಣೆ ಬಿಡಿ, ಗೊಣಗೋದು ನಿಲ್ಲುತ್ತೆ,” ಅಂದಳು ಅಮ್ಮ.

ಅಪ್ಪ ನಕ್ಕರು. ಆ ನಗು ಮುಗಿಯುವ ಹೊತ್ತಿಗೆ ಅವರ ಕಣ್ಣು ಮೂಲೆಯ ಕಂಪ್ಯೂಟರಿನ ಮೇಲೆ ಬಿದ್ದಿತ್ತು. ಅವರಿಗೆ ಉಳಿದಿದ್ದ ಕೊನೆಯ ಮಿಷನ್ ಅದೊಂದೇ ಎಂದು ಆಗಲೇ ನನಗೆ ಅರ್ಥವಾಗಿತ್ತು. ಅದೂ ಅವರ ಕೈಗೆ ಬಗ್ಗದೆ ಹೋದರೆ ಅಪ್ಪ ಪೂರ್ತಿ ಬಾಗಿಲಲ್ಲೇ ನಿಂತುಬಿಡುತ್ತಾರೆ ಅನ್ನುವ ಹೆದರಿಕೆ ಆ ಬೇಸಿಗೆಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ಮೊದಲ ಬದಲಾವಣೆ ಶಿಫ್ಟು. ಕಂಪ್ಯೂಟರ್ ಆಟಕ್ಕಾಗಿ ನಾನೂ ಗಿರಿಯೂ ದಿನಾ ಜುಟ್ಟು ಹಿಡಿದುಕೊಳ್ಳುತ್ತಿದ್ದುದನ್ನು ಅಪ್ಪ ಒಂದೇ ಹಾಳೆಯಲ್ಲಿ ಬಗೆಹರಿಸಿದರು. ಹತ್ತರಿಂದ ಹನ್ನೆರಡು ಫಸ್ಟ್ ಶಿಫ್ಟು, ನಾನು. ಮೂರರಿಂದ ಐದು ಸೆಕೆಂಡ್ ಶಿಫ್ಟು, ಗಿರಿ. ಮಧ್ಯೆ ಮಿಷನ್ನಿಗೆ ವಿಶ್ರಾಂತಿ. ಮೇಜಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಪುಸ್ತಕ ತೂಗುಹಾಕಿದರು. ಶಿಫ್ಟು ಬಿಡುವವರು, ಹಿಡಿಯುವವರು ಇಬ್ಬರೂ ಕಂಪ್ಯೂಟರಿನ ಮುಂದೆ ನಿಂತು, ಸದ್ದು ಹೇಗಿದೆ, ಬಿಸಿ ಎಷ್ಟಿದೆ, ಎಲ್ಲಿ ನಿಂತುಹೋಯಿತು ಎಂದು ಹೇಳಿ ಸಹಿ ಹಾಕಬೇಕು. ಕಾರ್ಖಾನೆಯಲ್ಲಿ ಹಾಗೇ ಅಂತೆ. ಯಾರೂ ಮಿಷನ್ನನ್ನು ಸುಮ್ಮನೆ ಬಿಟ್ಟು ಮನೆಗೆ ಹೋಗುವಂತಿಲ್ಲ.

“ಮಿಷನ್ ಕೆಟ್ರೆ ನಾನು ಬೈಯಲ್ಲ. ಮುಟ್ಟಿದವ್ರ ಕೈಲಿ ಕೆಡೋದೇ ಅದು. ಯಾರ ಕೈಲಿ ಕೆಡ್ತು ಅಂತ ಹೆಸರು ಬರೀಬೇಕು, ಅಷ್ಟೇ. ಸುಳ್ಳು ಬರೆದ್ರೆ ಮಾತ್ರ ಶಿಫ್ಟ್ ಕಟ್,” ಅಂದರು ಅಪ್ಪ.

ಗಿರಿ ಮೊದಲ ದಿನವೇ ಬರೆದ: ‘ಸದ್ದು ಚೆನ್ನಾಗಿದೆ. ಬಿಸಿ ಚೆನ್ನಾಗಿದೆ. ಅಕ್ಕ ಸರಿಯಿಲ್ಲ.’

ನಮ್ಮ ಜೊತೆ ಇನ್ನೊಬ್ಬ ಇದ್ದ, ಮಲ್ಲು. ನಮ್ಮ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಾಡಿಗೆಗಿತ್ತು. ಮಲ್ಲುವಿನ ಅಪ್ಪ ಅದೇ ಫ್ಲೈಓವರಿಗೆ ಕಬ್ಬಿಣ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಮಲ್ಲುವಿಗೆ ಗಿರಿಯ ವಯಸ್ಸು, ಬೆರಳು ಮಾತ್ರ ಗಾಳಿಯಂಥವು. ಕೀಬೋರ್ಡಿನ ನಾಲ್ಕು ಬಾಣದ ಗುಂಡಿಗಳಲ್ಲಿ ಅವನು ಕಾರನ್ನು ಕುಣಿಸುತ್ತಿದ್ದುದನ್ನು ನೋಡಲೆಂದೇ ಬೀದಿಯ ಮಕ್ಕಳೆಲ್ಲ ಬಂದು ಕಿಟಕಿಯ ಸರಳಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಅಪ್ಪ ಅವನಿಗೂ ಪುಸ್ತಕದಲ್ಲಿ ಒಂದು ಕಾಲಮ್ಮು ಹಾಕಿದರು. ‘ಜನರಲ್ ಶಿಫ್ಟು.’

ಏಪ್ರಿಲ್ ಕೊನೆಯಲ್ಲಿ ಗಿರಿ ಯಾರದೋ ಕೈಕಾಲು ಹಿಡಿದು ಹೊಸ ಕಾರ್ ರೇಸಿನ ಸೀಡಿಯೊಂದನ್ನು ತಂದ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಕಾರಿನ ಬಿಂಬ ಹೊಳೆಯುತ್ತದಂತೆ. ಹಾಕಿದೆವು. ಪರದೆ ಕಪ್ಪಾಗಿ, ಚಿತ್ರ ಮೂಡಿಸುವ ಕಾರ್ಡು ಸಾಲದು, ನಿಮ್ಮ ಕಂಪ್ಯೂಟರಿಗೆ ಇದನ್ನು ಆಡಿಸುವ ಯೋಗ್ಯತೆಯಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಬಂತು. ಬೀದಿಯ ಮಕ್ಕಳೆಲ್ಲ ಕಿಟಕಿಯಲ್ಲಿದ್ದರು. ಆ ಮರ್ಯಾದೆಗೇಡು ಬೇಡ ಬಿಡಿ.

ಅಪ್ಪ ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. “ಅಂದ್ರೆ ಮೋಟ್ರು ಚಿಕ್ಕದಾಯ್ತು ಅಂತ ತಾನೇ? ಹಾಕೋಣ ಬಿಡು.”

“ಆಟಕ್ಕೆ ಅಂತ ಒಂದು ಕಾರ್ಡಾ?” ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

“ಆಟಕ್ಕಲ್ಲ ಕಣೇ, ಮಿಷನ್ನಿಗೆ,” ಅಂದರು ಅಪ್ಪ. ಅವರ ದನಿಯಲ್ಲಿ ಹಳೆಯ ಗತ್ತು ಮರಳಿತ್ತು.

ನಾನೂ ಅಪ್ಪನೂ ಬಸ್ಸು ಹತ್ತಿ ಎಸ್.ಪಿ. ರೋಡಿಗೆ ಹೋದೆವು. ಒಂದು ಕೈ ಅಗಲದ ಅಂಗಡಿಗಳು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ, ಕಾಲಿಡುವಲ್ಲೆಲ್ಲ ವೈರು. ಅಪ್ಪ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡೊಂದನ್ನು ಎತ್ತಿ, ಹೊರಗಿನ ಬೆಳಕಿಗೆ ಹಿಡಿದು, ಅದರ ಪುಟಾಣಿ ಫ್ಯಾನನ್ನು ಬೆರಳಿನಿಂದ ತಿರುಗಿಸಿ, ಕಿವಿಯ ಹತ್ತಿರ ತಂದು ಕೇಳಿದರು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. “ಶಾಫ್ಟ್ ಅಲ್ಲಾಡುತ್ತೆ. ಬೇರೆ ಕೊಡಪ್ಪ.” ಮೂರನೆಯದು ಪಾಸಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ನಾನು ತೊಡೆಯ ಮೇಲೆ, ಹಸುಗೂಸನ್ನು ಇಟ್ಟುಕೊಂಡಂತೆ ಇಟ್ಟುಕೊಂಡಿದ್ದೆ.

ಹೊರಗಿನ ಮೆಕ್ಯಾನಿಕ್ಕನ್ನು ಕರೆಯುವ ಮಾತೇ ಇರಲಿಲ್ಲ. “ಇಪ್ಪತ್ತಾರು ವರ್ಷ ಊರಿನ ಮಿಷನ್ ರಿಪೇರಿ ಮಾಡಿ, ಮನೆ ಮಿಷನ್ನಿಗೆ ಬೇರೆಯವ್ರನ್ನ ಕರೀಲಾ?” ಅಂದರು ಅಪ್ಪ. ಊದುಬತ್ತಿ ಹಚ್ಚಿ, ಕಾರ್ಡನ್ನು ಅದರ ಜಾಗಕ್ಕೆ ಒತ್ತಿದರು. ಕಟ್ ಎಂದು ಕೂತಿತು. ಸೀಡಿ ಹಾಕಿದೆವು. ಪರದೆಯ ತುಂಬ ಒದ್ದೆ ರಸ್ತೆ! ಅದರಲ್ಲಿ ಬೀದಿದೀಪಗಳು ತಲೆಕೆಳಗಾಗಿ ಹೊಳೆಯುತ್ತಿದ್ದವು. ಮಲ್ಲುವಿನ ಕೈ ತಾನಾಗಿ ಪರದೆಯ ಕಡೆ ಹೋಗಿ ಮುಟ್ಟಿ ನೋಡಿಕೊಂಡಿತು. “ಯಪ್ಪಾ, ನಮ್ಮ ಅಪ್ಪ ಕಟ್ಟೋ ರಸ್ತೆ ಹಿಂಗ ಆಗ್ತದೇನ್ರಿ?” ಅಂದ. ಎಲ್ಲರೂ ನಕ್ಕೆವು.

ಆ ನಗು ನಾಲ್ಕು ದಿನ. ಮೇ ತಿಂಗಳ ಸೆಖೆಯಲ್ಲಿ ಹೊಸ ಕಾರ್ಡು ಕಾದ ಹೆಂಚಾಗುತ್ತಿತ್ತು. ಅರ್ಧ ಗಂಟೆ ಆಡಿದರೆ ಕಂಪ್ಯೂಟರ್ ತಾನಾಗಿ ಪಟ್ಟೆಂದು ಆರಿಹೋಗುತ್ತಿತ್ತು. ಆ ವಾರವೇ ಇನ್ನೊಂದು ಸುದ್ದಿ ಬಂತು. ಮಲ್ಲುವಿನ ಅಪ್ಪನಿಗೆ ನಮ್ಮ ಕಡೆಯ ಕೆಲಸ ಮುಗಿದಿತ್ತು. ಅವರು ಸೋಮವಾರ ಬೊಮ್ಮನಹಳ್ಳಿ ಕಡೆ ಹೊರಡುವವರಿದ್ದರು. ಭಾನುವಾರ ಬೀದಿಯ ಎಂಟು ಮಕ್ಕಳ ರೇಸು ಇಟ್ಟುಬಿಡೋಣ, ಮಲ್ಲು ಅದನ್ನು ಆಡಿಯೇ ಹೋಗಲಿ ಎಂದು ಗಿರಿ ಡಂಗುರ ಹೊಡೆದ. ಪೂರ್ತಿ ರೇಸಿಗೆ ಒಂದೂವರೆ ಗಂಟೆಯಾದರೂ ಬೇಕು. ಮಿಷನ್ ತಾಳುತ್ತಿದ್ದುದು ಅರ್ಧ ಗಂಟೆ.

“ಶುಕ್ರವಾರ ಓವರ್‌ಹಾಲ್,” ಎಂದು ಘೋಷಿಸಿದರು ಅಪ್ಪ.

ಶುಕ್ರವಾರ ಬೆಳಿಗ್ಗೆ ನಡುಮನೆಯಲ್ಲಿ ಹಳೆಯ ಬೆಡ್‌ಶೀಟು ಹಾಸಿ ಸಿಪಿಯುವನ್ನು ಮಲಗಿಸಿದೆವು. ಟಾರ್ಚು ನನ್ನ ಕೈಯಲ್ಲಿ. ಪೇಂಟಿನ ಬ್ರಶ್ಶಿನಿಂದ ಧೂಳು ತೆಗೆದಾಗ ಅರ್ಧ ಫ್ಲೈಓವರ್ ನಮ್ಮ ಮನೆಯಲ್ಲೇ ಇತ್ತು. ಪ್ರೊಸೆಸರಿನ ಮೇಲೆ ಕೂತಿದ್ದ ಅಲ್ಯೂಮಿನಿಯಂ ರೆಕ್ಕೆಗಳ ಗಟ್ಟಿಯನ್ನು ಅಪ್ಪ ಮೆಲ್ಲಗೆ ಬಿಡಿಸಿ ಎತ್ತಿದರು. ಅದರ ತಳದಲ್ಲಿ ಬಿಳಿಯದೇನೋ ಒಣಗಿ ಪುಡಿಪುಡಿಯಾಗಿತ್ತು. ಅಪ್ಪ ಉಗುರಿನಿಂದ ಕೆರೆದು, ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಅವರ ಮುಖ ಬೆಳಗಿತು.

“ಸಿಕ್ತು ನೋಡು ಪುಟ್ಟಿ! ಗ್ರೀಸು ಒಣಗಿ ಸುಣ್ಣ ಆಗ್ಬಿಟ್ಟಿದೆ. ಗ್ರೀಸ್ ಇಲ್ದಿದ್ರೆ ಬಿಸಿಯಾಗ್ದೆ ಇನ್ನೇನಾಗುತ್ತೆ?”

ಹೇಳಿ, ಇದರಲ್ಲಿ ತಪ್ಪು ಏನಿದೆ? ಜೀವಮಾನವಿಡೀ ಗ್ರೀಸು ಒಣಗಿದ್ದರಿಂದಲೇ ಬಿಸಿಯಾದ ಮಿಷನ್ನುಗಳನ್ನು ನೋಡಿದವರು ಅವರು. ಇಡೀ ಪೀಣ್ಯದಲ್ಲಿ ಯಾವ ಫಿಟ್ಟರನ್ನು ಕರೆದು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ಟೂಲ್‌ಬಾಕ್ಸಿನ ತಳದಿಂದ ಒಂದು ಸಣ್ಣ ಡಬ್ಬಿ ಹೊರಬಂತು. ಬೇರಿಂಗಿಗೆ ಹಾಕುವ ಗ್ರೀಸು, ಜೇನಿನ ಬಣ್ಣದ್ದು. ಮುಚ್ಚಳ ತೆಗೆದ ಕೂಡಲೇ ಅಪ್ಪ ಫ್ಯಾಕ್ಟರಿಯಿಂದ ಬರುತ್ತಿದ್ದ ಸಂಜೆಗಳ ವಾಸನೆ ಮನೆಯಲ್ಲಿ ಹರಡಿತು. ಅಪ್ಪ ಕೈ ಬಿಚ್ಚಿಯೇ ಬಡಿಸಿದರು, ಬೀಗರ ಎಲೆಗೆ ತುಪ್ಪ ಹಾಕುವ ಹಾಗೆ.

ಕಂಪ್ಯೂಟರ್ ಶುರುವಾಯಿತು. ಸದ್ದು ಚೆನ್ನಾಗಿತ್ತು. ನಾನು ಪುಸ್ತಕದಲ್ಲಿ ಹಾಗೆಂದು ಬರೆದೆ ಕೂಡ. ಇಪ್ಪತ್ತು ನಿಮಿಷಕ್ಕೆ ಸೈಕಲ್ ಶಾಪಿನಂಥ ಒಂದು ಕಮಟು ವಾಸನೆ ಬಂತು. ಪರದೆಯ ಮೇಲೆ ಒದ್ದೆ ರಸ್ತೆ ನಡುಗಿತು, ಅಡ್ಡಡ್ಡ ಗೆರೆಯಾಯಿತು, ಹೋಯಿತು. ಮತ್ತೆ ಒತ್ತಿದರೆ ಚಿತ್ರವಿಲ್ಲ. ಒಳಗಿನಿಂದ ಕೂಂಯ್, ಕೂಂಯ್ ಎಂಬ ಕೂಗು ಮಾತ್ರ.

ಅಪ್ಪ ಬಿಚ್ಚಿ ನೋಡಿದರು. ಗ್ರೀಸು ಕರಗಿ ಪ್ರೊಸೆಸರಿನಿಂದ ಕೆಳಗಿಳಿದು, ಹೊಸ ಕಾರ್ಡು ಕೂತಿದ್ದ ಸಂದಿಯೊಳಗೆ ಇಂಗಿತ್ತು. ಬಟ್ಟೆಯಲ್ಲಿ ಒರೆಸಿದರು, ಮತ್ತೆ ಹಾಕಿದರು. ಕೂಂಯ್. ಕಾರ್ಡನ್ನು ತೆಗೆದು ಮತ್ತೆ ಒತ್ತಿದರು. ಕೂಂಯ್. ಸ್ಪಾನರನ್ನು ಕಿವಿಗಿಟ್ಟು ಕೇಳಲು ಅಲ್ಲಿ ಏನೂ ಇರಲಿಲ್ಲ.

“ವಿನಾಯಕನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಂತೆ,” ಅಂದಳು ಅಮ್ಮ, ನಗಿಸಲೆಂದೇ. ಅಪ್ಪ ನಗಲಿಲ್ಲ. ಎದ್ದು ಕೈ ತೊಳೆದುಕೊಂಡು ತಾರಸಿಗೆ ಹೋದರು. ಅಲ್ಲಿ ಅಮ್ಮ ಒಣಗಲು ಇಟ್ಟಿದ್ದ ಸಂಡಿಗೆಯ ಪಕ್ಕ ಕೂತು ಕಾಗೆ ಓಡಿಸತೊಡಗಿದರು. ನಾನು ಎರಡು ಸಲ ಮೇಲೆ ಹೋಗಿ ಬಂದೆ. ಒಂದು ಸಲ ಮಜ್ಜಿಗೆ ಕೊಟ್ಟೆ, ಕುಡಿದರು. ಬಾಗಿಲ ಬಳಿ ನಿಂತಿದ್ದ ಮೊದಲ ದಿನದ ಮುಖವೇ ಅಲ್ಲಿತ್ತು. ನನಗೆ ಆಟವೂ ಬೇಡ, ರೇಸೂ ಬೇಡ, ಆ ಮುಖವೊಂದು ಹೋದರೆ ಸಾಕು ಅನ್ನಿಸಿತು.

ಶನಿವಾರ ಬೆಳಿಗ್ಗೆ ಅಪ್ಪ ತಾವೇ ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡರು. “ಬಾ ಪುಟ್ಟಿ, ಮೇನ್ ರೋಡಿನ ಹುಡುಗನ ಹತ್ರ ತೋರ್ಸೋಣ. ಕಾರ್ಡೇ ಡಿಫೆಕ್ಟು ಅನ್ಸುತ್ತೆ.” ಯಾರನ್ನೂ ಕರೆಯುವುದಿಲ್ಲ ಎಂದಿದ್ದ ಮನುಷ್ಯ ತಾವೇ ಹೊತ್ತುಕೊಂಡು ಹೊರಟಿದ್ದರು.

ಮೇನ್ ರೋಡಿನ ಹುಡುಗ ಎಂದರೆ ಸಲೀಂ. ಇಪ್ಪತ್ತು-ಇಪ್ಪತ್ತೊಂದು ಇದ್ದೀತು; ಕಂಪ್ಯೂಟರ್ ರಿಪೇರಿ ಅಂಗಡಿ, ಗೋಡೆಯ ತುಂಬ ಬಿಚ್ಚಿದ ಡಬ್ಬಗಳು, ಕತ್ತು ತಿರುಗಿಸದ ಒಂದು ಸ್ಟ್ಯಾಂಡ್ ಫ್ಯಾನು. ಗಿರಾಕಿಗಳು ಇಬ್ಬರು ಬೆಂಚಿನ ಮೇಲೆ ಕೂತಿದ್ದರು. ಸಲೀಂ ನಮ್ಮ ಸಿಪಿಯುವಿನ ಪಕ್ಕೆ ತೆಗೆದ, ಮೂಸಿದ, ರೆಕ್ಕೆಯ ಗಟ್ಟಿಯನ್ನು ಎತ್ತಿದ. ಜೇನಿನ ಬಣ್ಣದ ಎಳೆಗಳು ಎದ್ದು ಬಂದವು.

“ಅಯ್ಯಯ್ಯೋ! ಯಾರ್ ಗುರು ಇದು, ಪ್ರೊಸೆಸರಿಗೆ ಗ್ರೀಸ್ ಹೊಡ್ದಿರೋದು? ಲಾರಿ ಚಕ್ರ ಅನ್ಕೊಂಡ್ರಾ?”

ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಲೀಂ ಕೂಡ ನಕ್ಕ, ಅವನಿಗೇನು ಗೊತ್ತು. ನಾನು ಅಪ್ಪನ ಮುಖ ನೋಡಿದೆ. ಅವರು ಆ ಎಳೆಗಳನ್ನೇ ನೋಡುತ್ತಿದ್ದರು. ಆಗಲೇ ಅವರಿಗೆ ಗೊತ್ತಾಗಿದ್ದು, ಕೆಡಿಸಿದ್ದು ಕಾರ್ಡಲ್ಲ, ತಮ್ಮ ಕೈ ಎಂದು.

“ನಾನು,” ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ನಾನೇ ಹಚ್ಚಿದ್ದು. ಅಪ್ಪ ಮನೇಲಿ ಇರ್ಲಿಲ್ಲ.”

“ಓ, ಹುಡುಗಾಟ. ಹೋಗ್ಲಿ ಬಿಡಿ ಅಂಕಲ್, ಮಕ್ಳು,” ಅಂದ ಸಲೀಂ. ಬೆಂಚಿನವರ ನಗು ಇಳಿಯಿತು. ಗೆದ್ದೆ ಎಂದುಕೊಂಡೆ.

ಅಪ್ಪ ಹೊರಗೆ ಹೋದರು. ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ಒಂದು ನಿಮಿಷ ನಿಂತರು. ಹೊರಟೇಹೋಗುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಸಲೀಮನ ಎದುರಿಗಿದ್ದ ಗಿಡ್ಡ ಸ್ಟೂಲಿನ ಮೇಲೆ ಕೂತರು. ಬೆಂಚಿನವರಿಗೂ ಕೇಳುವಂತೆ ಹೇಳಿದರು:

“ಮಗಳು ಸುಳ್ಳು ಹೇಳ್ತಿದಾಳೆ ಕಣಪ್ಪ. ಹಚ್ಚಿದ್ದು ನಾನು. ಫ್ಯಾಕ್ಟರೀಲಿ ಫಿಟ್ಟರ್ ಆಗಿದ್ದೆ. ಬಿಸಿಯಾದ್ರೆ ಗ್ರೀಸು, ಅಷ್ಟೇ ನನಗೆ ಗೊತ್ತಿರೋದು. ಇದು ಯಾಕೆ ಹಾಕ್ತಾರೆ ಅಂತ ನಂಗೊತ್ತಿಲ್ಲ. ಸ್ವಲ್ಪ ಹೇಳ್ಕೊಡ್ತೀಯಾ?”

ಸಲೀಂ ಕೈಯಲ್ಲಿದ್ದುದನ್ನು ಕೆಳಗಿಟ್ಟು, ತಾನಾಗಿಯೇ ಸ್ವಲ್ಪ ನೆಟ್ಟಗೆ ಕೂತ.

“ಅಂಕಲ್, ಇದು ಜಾರೋಕಲ್ಲ. ಇಲ್ಲಿ ತಿರುಗೋದು ಏನೂ ಇಲ್ಲ, ಮೇಲಿನ ಫ್ಯಾನ್ ಒಂದು ಬಿಟ್ಟು. ಇದು ಬಿಸಿ ದಾಟ್ಸೋಕೆ. ಕೆಳಗಿಂದು ಮೇಲಕ್ಕೆ ಹೋಗೋಕೆ ಸೇತುವೆ ಥರ. ಎರಡೂ ಲೋಹ ನೋಡೋಕೆ ನೈಸು, ಆದ್ರೆ ಮಧ್ಯೆ ಕಣ್ಣಿಗೆ ಕಾಣ್ದಿರೋ ಸಂದಿ ಇರುತ್ತೆ. ಅದು ತುಂಬೋಕಷ್ಟೇ ಪೇಸ್ಟು.”

“ಹಂಗಾದ್ರೆ ತೆಳ್ಳಗಿದ್ದಷ್ಟೂ ಒಳ್ಳೇದು.”

“ಕರೆಕ್ಟ್ ಅಂಕಲ್! ಒಂದು ಅಕ್ಕಿ ಕಾಳಷ್ಟು ಸಾಕು.”

“ನಾನು ಒಂದು ಮುದ್ದೆ ಇಟ್ಟಿದ್ದೆ,” ಅಂದರು ಅಪ್ಪ. ಈ ಸಲ ಎಲ್ಲರಿಗಿಂತ ಮೊದಲು ನಕ್ಕವರು ಅವರೇ.

ಆಮೇಲಿನ ಮೂರು ಗಂಟೆ ನನ್ನ ಬಾಲ್ಯದ ಅತ್ಯಂತ ಚೆಂದದ ಹೊತ್ತು. ಸಲೀಂ ಸ್ಪಿರಿಟ್ಟಿನಂಥ ವಾಸನೆಯ ಒಂದು ಬಾಟಲಿ ಕೊಟ್ಟ, ಹಳೇ ಟೂತ್‌ಬ್ರಶ್ ಕೊಟ್ಟ. ಅಪ್ಪ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಕಾರ್ಡು ಕೂರುವ ಸಂದಿಯ ಒಂದೊಂದು ಹಲ್ಲನ್ನೂ ಸ್ವಚ್ಛ ಮಾಡಿದರು. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಉಜ್ಜಲು ಸಲೀಂ ಡ್ರಾಯರಿನಿಂದ ತೆಗೆದದ್ದು ಸ್ಕೂಲು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಮುಂದೆ ಒಂದು ವಾರ ಹೇಳಿದರು. “ಇಷ್ಟು ದೊಡ್ಡ ಟೆಕ್ನಾಲಜಿ, ರಬ್ಬರಲ್ಲಿ ಉಜ್ಜಿದ್ರೆ ಸರಿ ಹೋಗುತ್ತೆ ಕಣ್ರೀ!”

ಅಪ್ಪನ ಕೈ ಕೆಲಸ ಮಾಡುವುದನ್ನು ನೋಡುತ್ತ ನೋಡುತ್ತ ಸಲೀಮನ ಮಾತು ಕಡಿಮೆಯಾಯಿತು. ದಪ್ಪ ಬೆರಳುಗಳು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು, ಆದರೆ ಒಂದು ಕೂದಲೆಳೆಯಷ್ಟೂ ಅಲುಗಾಡದ ಹಿಡಿತ. “ಅಂಕಲ್, ನಿಮ್ ಕೈ ಸಕ್ಕತ್ತಾಗಿದೆ. ನಂದು ಇಷ್ಟೊತ್ತಿಗೆ ನಡುಗ್ತಿತ್ತು,” ಅಂದ. ಅಪ್ಪ ತಲೆಯೆತ್ತಲಿಲ್ಲ, ಆದರೆ ಕಿವಿ ಕೆಂಪಾಯಿತು. ಕೆಲಸ ಮುಗಿಸಿ ಏಳುವ ಮುನ್ನ ಮೂಲೆಯ ಸ್ಟ್ಯಾಂಡ್ ಫ್ಯಾನಿನ ಹಿಂಭಾಗ ಬಿಚ್ಚಿ, ಅದರ ಹಲ್ಲುಚಕ್ರಕ್ಕೆ ಚೂರು ಗ್ರೀಸು ಇಟ್ಟರು. ಫ್ಯಾನು ಎರಡು ವರ್ಷದ ಮೇಲೆ ಕತ್ತು ತಿರುಗಿಸಿ ಬೆಂಚಿನ ಕಡೆ ನೋಡಿತು.

ಕಂಪ್ಯೂಟರ್ ಅಲ್ಲೇ ಶುರುವಾಯಿತು, ಒಂದೇ ಸಲಕ್ಕೆ.

ಮನೆಗೆ ಬಂದು ಅಪ್ಪ ಮೊದಲು ಮಾಡಿದ್ದು ತೂಗುಪುಸ್ತಕ ಬಿಡಿಸಿ ಬರೆದದ್ದು. ಕಾರಣ: ಬೇರಿಂಗ್ ಗ್ರೀಸು ಹಾಕಿದ್ದು. ಕೆಡಿಸಿದವರು: ರಂಗಸ್ವಾಮಿ. ಆಮೇಲೆ ನನ್ನ ಕಡೆ ತಿರುಗಿದರು.

“ಸುಳ್ಳು ಹೇಳಿದ್ದಕ್ಕೆ ನಿಂಗೆ ಎರಡು ಶಿಫ್ಟ್ ಕಟ್. ನಾಳೆದು ಸೇರಿ.”

“ಅಪ್ಪಾ! ನಾಳೆ ರೇಸು! ನಾನು ನಿಮಗೋಸ್ಕರ...”

“ಗೊತ್ತು ಮಗಾ.” ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. “ನನ್ ಮರ್ಯಾದೆ ಉಳ್ಸೋಕೆ ಹೋದೆ. ಆದ್ರೆ ನಿನ್ ಸುಳ್ಳು ನಿಂತಿದ್ರೆ ಅವ್ನು ರಿಪೇರಿ ಮಾಡ್ಕೊಟ್ಟು ಕಳಿಸ್ತಿದ್ದ. ನಾನು ಕಲೀತಿರ್ಲಿಲ್ಲ. ಮುಂದಿನ ಸಲ ಮತ್ತೆ ಗ್ರೀಸೇ ಹಾಕ್ತಿದ್ದೆ.”

ನಾನು ಅತ್ತೆ. ಅರ್ಧ ಶಿಫ್ಟಿಗೆ, ಅರ್ಧ ಅಪ್ಪನ ಮುಖಕ್ಕೆ. ಅದು ಮರಳಿ ಮೊದಲಿನಂತಾಗಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲಾಚೆ ಚಪ್ಪಲಿಗಳ ಗುಡ್ಡ. ಒಳಗೆ ಬೆವರು, ಮಾವಿನಕಾಯಿ ಚಿತ್ರಾನ್ನದ ಒಗ್ಗರಣೆ, ಯಾರೋ ಜೇಬಿನಲ್ಲಿಟ್ಟು ತಂದ ಹಲಸಿನ ತೊಳೆಯ ವಾಸನೆ, ಎಲ್ಲ ಕಲೆತಿದ್ದವು. ನನಗೆ ಆಡುವಂತಿರಲಿಲ್ಲವಲ್ಲ, ಸುತ್ತು ಎಣಿಸುವ ಅಂಪೈರಾದೆ. ಗಿರಿ ಮೊದಲ ತಿರುವಿನಲ್ಲೇ ಕಂಬಕ್ಕೆ ಗುದ್ದಿ, ಕೀಬೋರ್ಡ್ ಸರಿಯಿಲ್ಲ ಅಂದ. ಮಲ್ಲುವಿನ ಸರದಿ ಕೊನೆಗೆ ಬಂತು. ರೇಸು ಶುರುವಾಗಿ ಒಂದು ಗಂಟೆ ದಾಟಿತ್ತು. ಮಿಷನ್ ಉಸಿರೆಳೆದುಕೊಂಡು ಓಡುತ್ತಲೇ ಇತ್ತು. ಅಪ್ಪ ರೇಸಿನ ಕಡೆ ಒಂದು ಸಲವೂ ನೋಡಲಿಲ್ಲ. ಡಬ್ಬದ ಹಿಂದೆ ಮೊಣಕಾಲೂರಿ, ಫ್ಯಾನಿನ ಗಾಳಿಗೆ ಅಂಗೈ ಹಿಡಿದು ಕೂತಿದ್ದರು.

“ಬೆಚ್ಚಗಿದೆ, ಬಿಸಿಯಿಲ್ಲ. ಓಡ್ಸೋ ಮಲ್ಲೂ, ಓಡ್ಸು!”

“ಅಕ್ಕಾ, ಎಷ್ಟನೇ ಸುತ್ತ್ರೀ?”

“ಕೊನೇದು ಕಣೋ!”

ಅವನು ಗೆದ್ದ. “ಗೆದ್ದೆ ನೋಡ್ರಿ ಕಾಕಾ!” ಎಂದು ಕುರ್ಚಿಯಿಂದ ಹಾರಿ ನೇರ ಅಪ್ಪನ ಕುತ್ತಿಗೆಗೆ ಬಿದ್ದ. ಕಿಟಕಿಯ ಸರಳಿನಾಚೆ ಕಿರುಚಾಟ. ಅಮ್ಮ ಸೌಟು ಹಿಡಿದು ಬಂದು, “ಮನೆ ಬಿದ್ದೋಗುತ್ತೆ ಕಣ್ರೋ!” ಅಂದಳು, ಆದರೆ ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಸೋಮವಾರ ಬೆಳಿಗ್ಗೆ ಒಂದು ಟೆಂಪೋ ಬಂದು ಮಲ್ಲುವಿನ ಮನೆಯ ಪಾತ್ರೆ, ಚಾಪೆ, ಮಂಚ ಹೇರಿಕೊಂಡು ಹೋಯಿತು. ಅವನು ಹಿಂದುಗಡೆ ಚಾಪೆಯ ಮೇಲೆ ಕೂತು, ನಾಲ್ಕು ಬೆರಳುಗಳಲ್ಲಿ ಗಾಳಿಯಲ್ಲೇ ಕಾರು ಓಡಿಸಿ ತೋರಿಸಿದ.

ಅಪ್ಪ ಅಂದಿನಿಂದ ಬೆಳಿಗ್ಗೆ ಶೇವ್ ಮಾಡಿಕೊಂಡು ಸಲೀಮನ ಅಂಗಡಿಗೆ ಹೋಗತೊಡಗಿದರು. ಸಂಬಳಕ್ಕಲ್ಲ, ಕಲಿಯಲಿಕ್ಕೆ. ಆರು ತಿಂಗಳಲ್ಲಿ ನಮ್ಮ ಬೀದಿಯ ಕಂಪ್ಯೂಟರುಗಳೆಲ್ಲ ಅವರ ಕೈದಾಟಿ ಹೋಗಿದ್ದವು. ಆಟದ ಕಾರ್ಡು ಬದಲಿಸಬೇಕೆಂದು ಪೀಣ್ಯದಿಂದಲೂ ಹುಡುಗರು ಬರುತ್ತಿದ್ದರು. ‘ಗ್ರೀಸ್ ಅಂಕಲ್’ ಎಂಬ ಹೆಸರು ಯಾರಿಟ್ಟರೋ ಕಾಣೆ, ಅಪ್ಪ ಅದಕ್ಕೆ ಓಗೊಡುತ್ತಿದ್ದರು.

ಅಪ್ಪ ಹೋಗಿ ಈಗ ಮೂರು ವರ್ಷ. ನಾನು ನಾಗಸಂದ್ರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದೇ ಪರದೆಯ ಮುಂದೆ ಎಂಟು ಮಕ್ಕಳು ಬೆವರುತ್ತ ಕೂರುವ ಕಾಲ ಮುಗಿಯಿತು. ಅದು ಹೋಗುವಂಥದ್ದೇ, ಹೋಯಿತು. ಈಗಿನ ಮಕ್ಕಳ ಫೋನನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಲಾಗುವುದಿಲ್ಲ, ಅದಕ್ಕೂ ನಾನು ಮರುಗುವುದಿಲ್ಲ. ಅಪ್ಪನ ಬೆರಳಿನ ಹಿಡಿತ ನನಗೆ ಬರಲಿಲ್ಲ, ಪರವಾಗಿಲ್ಲ.

ಹೋದ ತಿಂಗಳು ಎಂಟನೇ ಕ್ಲಾಸಿನಲ್ಲಿ ಉಷ್ಣದ ಪಾಠ ಮಾಡುತ್ತಿದ್ದೆ. ಮಧ್ಯದ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಗೇಮ್ ಆಡ್ದಾಗ ಫೋನ್ ಬಿಸಿ ಆಗುತ್ತಲ್ಲ. ಅದಕ್ಕೆ ಫ್ಯಾನೇ ಇಲ್ಲ. ಮತ್ತೆ ಹೆಂಗೆ ತಣ್ಣಗಾಗುತ್ತೆ?” ಐವತ್ತು ಮುಖಗಳು ನನ್ನ ಕಡೆ ತಿರುಗಿದವು. ಫೋನಿನ ಒಳಗೆ ಏನಿದೆ, ಬಿಸಿ ಎಲ್ಲಿಂದ ಎಲ್ಲಿಗೆ ದಾಟುತ್ತದೆ, ನನಗೆ ತಿಳಿದಿರಲಿಲ್ಲ.

“ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ,” ಅಂದೆ.

ಅವಳು ಕೂತಳು. ನಾನು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದೆ. ಅಪ್ಪನಾಗಿದ್ದರೆ, ಅಂದು ಸಲೀಮನ ಸ್ಟೂಲಿನ ಮೇಲೆ ಕೂತು ಹೇಳಿದ ಹಾಗೆ, ಆ ಮಗುವಿಗೆ ಏನು ಹೇಳುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಾಯಿಗೆ ಅದು ಬರಲಿಲ್ಲ.